ಗಿಟ್, ಟರ್ಮಿನಲ್, ಡಿಬಗರ್: ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ಕೈಯಾರೆ ಕಲಿಸೋದು ಹೇಗೆ?

ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊ. ನಾಲ್ಕು ಜನರ ತಂಡ ಒಳಗೆ ಬಂತು. ಪೆನ್‌ಡ್ರೈವ್‌ನಲ್ಲಿ ಆರು ಜಿಪ್ ಫೈಲ್. ಒಂದರ ಹೆಸರು ‘ಫೈನಲ್’, ಇನ್ನೊಂದು ‘ಫೈನಲ್ ನ್ಯೂ’, ಮತ್ತೊಂದು ‘ಫೈನಲ್ ಫೈನಲ್ 2’, ಕೊನೆಯದು ‘ಇದೇ ಫೈನಲ್’. ಯಾವುದು ಓಡುತ್ತೆ ಅಂತ ನಾಲ್ವರಿಗೂ ಗೊತ್ತಿಲ್ಲ. "ನಿನ್ನೆ ರಾತ್ರಿ ಓಡ್ತಿತ್ತು ಸರ್" ಅಂದ ಒಬ್ಬ. ತಮಾಷೆ ಏನಂದ್ರೆ, ಆ ನಾಲ್ವರೂ ಮೂರನೇ ಸೆಮಿಸ್ಟರ್‌ನಲ್ಲಿ ಗಿಟ್ ಲ್ಯಾಬ್ ಪಾಸಾದವರು. ಗಿಟ್ ಅಂದ್ರೆ ಕೋಡ್‌ನ ಪ್ರತಿ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಸಾಧನ, ಇಂಥ ಗೊಂದಲ ತಪ್ಪಿಸೋಕೇ ಇರೋದು. ರೆಕಾರ್ಡ್ ಪುಸ್ತಕದಲ್ಲಿ ಎಲ್ಲ ಕಮಾಂಡೂ ನೀಟಾಗಿ ಬರೆದಿದ್ದರು.

ಸಿಲಬಸ್‌ನಲ್ಲಿ ಇಲ್ಲ ಅನ್ನುವ ನೆಪ ಈಗ ನಡೆಯಲ್ಲ. ವಿಟಿಯು 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಅಂತ ಒಂದು ಕ್ರೆಡಿಟ್‌ನ ಲ್ಯಾಬ್ ಇದೆ, ವಾರಕ್ಕೆ 2 ಗಂಟೆ. ಬ್ರಾಂಚ್, ಸ್ಟ್ಯಾಶ್, ರೀಬೇಸ್, ಚೆರಿ ಪಿಕ್ ಅನ್ನುವ ಗಿಟ್ ಕಮಾಂಡ್‌ಗಳೆಲ್ಲ ಅದರಲ್ಲಿವೆ. ಆರನೇ ಸೆಮಿಸ್ಟರ್‌ನ ಆಯ್ಕೆಗಳಲ್ಲಿ ಡೆವ್‌ಆಪ್ಸ್ (ಕೋಡ್ ಬರೆಯೋದರಿಂದ ಓಡಿಸುವವರೆಗಿನ ಕೆಲಸ ಜೋಡಿಸೋದು) ಕೂಡ ಇದೆ. ಮಧ್ಯದ ಎರಡು ಸೆಮಿಸ್ಟರ್ ಯಾರೂ ಆ ಕಡೆ ತಿರುಗಿ ನೋಡಲ್ಲ. ಈಜು ಕಲಿಸಿ ಎರಡು ಸೆಮಿಸ್ಟರ್ ನೀರಿನ ಹತ್ತಿರವೂ ಬಿಡದಿದ್ದರೆ ಏನಾಗುತ್ತೋ ಅದೇ ಆಗುತ್ತೆ.

ಕೆಲವು ವರ್ಷ ಇದನ್ನು ಕಲಿಸಿ, ಜಾಸ್ತಿ ಸಲ ಎಡವಿ, ಈಗ ಒಂದು ದಾರಿ ಹಿಡಿದಿದ್ದೇನೆ. ಅದರ ತಿರುಳು ಇಷ್ಟೇ: ತೊಂದರೆ ಏನು ಅಂತ ಹುಡುಗರು ಒಮ್ಮೆ ಅನುಭವಿಸಬೇಕು, ಅದರ ಮರುಕ್ಷಣವೇ ಸಾಧನ ಕೈಗೆ ಸಿಗಬೇಕು. ಹಸಿವಾಗುವ ಮೊದಲೇ ಊಟ ಬಡಿಸಿದರೆ ಎಲೆಯಲ್ಲೇ ಉಳಿಯುತ್ತೆ. ಕೆಳಗಿರೋದು ಒಂದು ಸೆಮಿಸ್ಟರ್‌ನ ಯೋಜನೆ. ಡಿಗ್ರಿ ಕಾಲೇಜಿನ ಬಿಸಿಎ ಮೇಷ್ಟ್ರಿಗೂ ಹೆಚ್ಚು ಕಡಿಮೆ ಇದೇ ನಡೆಯುತ್ತೆ.

ಮೊದಲನೇ ಹೆಜ್ಜೆ: ನೀವು ಒಂದು ತಿಂಗಳು ಬಳಸಿ

ನಮ್ಮಲ್ಲಿ ಬಹಳ ಜನ ಟರ್ಬೊ ಸಿ ನೀಲಿ ಪರದೆ ಮೇಲೆ ಕಲಿತು ಬಂದವರು. ಗಿಟ್ ನಮಗೂ ಯಾರೂ ಹೇಳಿಕೊಡಲಿಲ್ಲ. ಅದರಲ್ಲಿ ನಾಚಿಕೆ ಏನಿಲ್ಲ, ಆದರೆ ಯೂಟ್ಯೂಬ್‌ನಲ್ಲಿ ಎರಡು ವಿಡಿಯೊ ನೋಡಿ ಲ್ಯಾಬ್‌ಗೆ ನಿಂತರೆ ಮೊದಲ ಎರರ್‌ಗೇ ಬೆವರುತ್ತೀರಿ.

ರಜೆಯಲ್ಲಿ ನಿಮ್ಮ ಪ್ರಶ್ನೆಪತ್ರಿಕೆ, ಲ್ಯಾಬ್ ಮ್ಯಾನ್ಯುಯಲ್, ಅಟೆಂಡೆನ್ಸ್ ಲೆಕ್ಕ ಎಲ್ಲವನ್ನೂ ಒಂದು ಗಿಟ್ ಫೋಲ್ಡರ್‌ಗೆ ಹಾಕಿ. ಮನೆಯ ಲ್ಯಾಪ್‌ಟಾಪ್, ಕಾಲೇಜಿನ ಕಂಪ್ಯೂಟರ್ ಎರಡರಲ್ಲೂ ತಿದ್ದಿ. ಒಂದು ವಾರದೊಳಗೆ ಎರಡು ಕಡೆಯ ಬದಲಾವಣೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತೆ. ಆಗ ನೀವು ಪಡುವ ಪಾಡೇ ನಿಮ್ಮ ಪಾಠದ ಟಿಪ್ಪಣಿ. ಎಲ್ಲಿ ಗೊಂದಲ ಆಯ್ತು ಅಂತ ಬರೆದಿಟ್ಟುಕೊಳ್ಳಿ. ಹುಡುಗರಿಗೂ ಅಲ್ಲೇ ಗೊಂದಲ ಆಗೋದು.

ಎರಡನೇ ಹೆಜ್ಜೆ: ಪಟ್ಟಿ ಚಿಕ್ಕದು ಮಾಡಿ

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ), ಗಿಟ್, ಡಿಬಗರ್ (ಪ್ರೋಗ್ರಾಂ ನಿಲ್ಲಿಸಿ ತಪ್ಪು ಹುಡುಕುವ ಸಾಧನ), ಟೆಸ್ಟ್ (ಕೋಡನ್ನು ಪರೀಕ್ಷಿಸುವ ಕೋಡ್), ಕೊನೆಗೆ ಸ್ವಲ್ಪ ಸಿಐ (ಆ ಟೆಸ್ಟ್ ತಾನಾಗಿ ಓಡುವ ವ್ಯವಸ್ಥೆ). ಐದೇ. ಕುಬರ್ನೆಟೀಸ್ (ದೊಡ್ಡ ಸಾಫ್ಟ್‌ವೇರನ್ನು ಹಲವು ಸರ್ವರ್ ಮೇಲೆ ನಡೆಸುವ ಸಾಧನ) ಯಾಕಿಲ್ಲ, ಕ್ಲೌಡ್ ಯಾಕಿಲ್ಲ ಅಂತ ಎಚ್‌ಒಡಿ ಕೇಳಬಹುದು. ಪ್ಲೇಸ್‌ಮೆಂಟ್ ಬ್ರೋಷರ್‌ನಲ್ಲಿ ಚೆನ್ನಾಗಿ ಕಾಣುತ್ತೆ ನಿಜ. ಆದರೆ ಒಂದೇ ಫೈಲ್‌ನ ಪ್ರೋಗ್ರಾಂ ಬರೆಯುವ ಹುಡುಗನಿಗೆ ಕುಬರ್ನೆಟೀಸ್ ಯಾವ ತೊಂದರೆಯನ್ನೂ ಬಗೆಹರಿಸಲ್ಲ. ಕ್ಲೌಡ್ ಅಕೌಂಟ್ ತೆರೆಯಲು ಹೋದರೆ ಕ್ರೆಡಿಟ್ ಕಾರ್ಡ್ ಕೇಳುತ್ತೆ. ಮೂರನೇ ಸೆಮಿಸ್ಟರ್ ಹುಡುಗ ಅಪ್ಪನ ಕಾರ್ಡ್ ತರೋದು ಬೇಡ.

ನಾನು ಕೇಳಿಕೊಳ್ಳೋದು ಎರಡೇ ಪ್ರಶ್ನೆ. ಇದೇ ಸೆಮಿಸ್ಟರ್‌ನ ಬೇರೆ ಲ್ಯಾಬ್‌ನಲ್ಲಿ ಇದು ನಾಳೆನೇ ಉಪಯೋಗಕ್ಕೆ ಬರುತ್ತಾ? ಸಾಧನ ಹಳೆಯದಾದರೂ ಒಳಗಿನ ವಿಚಾರ ಉಳಿಯುತ್ತಾ? ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡ ಬಿಟ್‌ಕೀಪರ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಬಳಸುತ್ತಿತ್ತು, ಅದರ ಉಚಿತ ಪರವಾನಗಿ ಕೈತಪ್ಪಿತು, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾನೇ ಒಂದನ್ನು ಬರೆಯಲು ಕೂತರು. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಸಬ್‌ವರ್ಷನ್ ಇತ್ತು, ಸಿವಿಎಸ್ ಇತ್ತು. ಮುಂದೆ ಇನ್ನೊಂದು ಬರಬಹುದು. ಇತಿಹಾಸ ಇಟ್ಟುಕೊಳ್ಳೋದು, ಕವಲು ಒಡೆಯೋದು, ಮತ್ತೆ ಸೇರಿಸೋದು, ಇವು ಮಾತ್ರ ಎಲ್ಲಿಗೂ ಹೋಗಲ್ಲ.

ಮೂರನೇ ಹೆಜ್ಜೆ: ಲ್ಯಾಬ್ ಸಿದ್ಧ ಮಾಡೋದು (ಇಲ್ಲಿ ಅವಸರ ಮಾಡಬೇಡಿ)

ಪಾಠ ಕೆಡೋದು ಪಾಠದಿಂದ ಕಡಿಮೆ, ಯಂತ್ರದಿಂದ ಜಾಸ್ತಿ. ಸೆಮಿಸ್ಟರ್ ಶುರುವಾಗೋಕೆ ಎರಡು ವಾರ ಮೊದಲೇ ಲ್ಯಾಬ್ ಇನ್‌ಸ್ಟ್ರಕ್ಟರ್ ಜೊತೆ ಕೂತುಕೊಳ್ಳಿ. ಅವರಿಗೊಂದು ಟೀ ಕುಡಿಸಿ. ಅಡ್ಮಿನ್ ಪಾಸ್‌ವರ್ಡ್ ಅವರ ಹತ್ತಿರವೇ ಇರೋದು.

ವಿಂಡೋಸ್ ಯಂತ್ರವಾದರೆ ಗಿಟ್ ಫಾರ್ ವಿಂಡೋಸ್ ಹಾಕಿದರೆ ಸಾಕು. ಅದರ ಜೊತೆ ಗಿಟ್ ಬ್ಯಾಶ್ ಬರುತ್ತೆ, ಲಿನಕ್ಸ್‌ನ ಮುಖ್ಯ ಕಮಾಂಡ್‌ಗಳೆಲ್ಲ ಅದರಲ್ಲೇ ಸಿಗುತ್ತವೆ. ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲದಿದ್ದರೆ ಅದರದ್ದೇ ಪೋರ್ಟಬಲ್ ಆವೃತ್ತಿ ಇದೆ, ಫೋಲ್ಡರ್ ಬಿಚ್ಚಿ ಇಟ್ಟರೆ ಓಡುತ್ತೆ.

ಇನ್ನು ಲ್ಯಾಬ್ ಯಂತ್ರಗಳ ದೊಡ್ಡ ಕಾಟ. ಎಲ್ಲ ಬ್ಯಾಚ್‌ಗೂ ‘ಸ್ಟೂಡೆಂಟ್’ ಅಂತ ಒಂದೇ ವಿಂಡೋಸ್ ಲಾಗಿನ್, ಅಲ್ವಾ? ಬೆಳಗಿನ ಬ್ಯಾಚ್ ಹುಡುಗಿ ಗಿಟ್‌ಹಬ್‌ಗೆ (ಗಿಟ್ ಕೆಲಸವನ್ನು ಆನ್‌ಲೈನ್‌ನಲ್ಲಿ ಇಡುವ ತಾಣ) ಲಾಗಿನ್ ಆಗಿ ಹೋಗುತ್ತಾಳೆ. ವಿಂಡೋಸ್ ಅವಳ ಗುರುತನ್ನು ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಇಟ್ಟುಕೊಳ್ಳುತ್ತೆ. ಮಧ್ಯಾಹ್ನದ ಹುಡುಗ ಅದೇ ಯಂತ್ರದಿಂದ ತನ್ನ ರೆಪೊಗೆ (ಗಿಟ್ ಇತಿಹಾಸ ಇರುವ ಫೋಲ್ಡರ್) ಪುಶ್ ಮಾಡಿದರೆ, ಅಂದ್ರೆ ಕೆಲಸ ಅಲ್ಲಿಗೆ ಕಳಿಸಿದರೆ, ‘403’ (ಅನುಮತಿ ಇಲ್ಲ) ಎರರ್, ಅದರಲ್ಲಿ ಇನ್ಯಾರದ್ದೋ ಹೆಸರು. ಮೊದಲ ವರ್ಷ ಇದನ್ನು ಹುಡುಕೋಕೆ ನನಗೆ ಒಂದಿಡೀ ಲ್ಯಾಬ್ ಅವಧಿ ಬೇಕಾಯ್ತು, ಅಷ್ಟರಲ್ಲಿ ಅರ್ಧ ಕ್ಲಾಸ್ ಮೊಬೈಲ್ ತೆಗೆದಿತ್ತು. ಇನ್ನೂ ಕೆಟ್ಟದ್ದು ‘ಗ್ಲೋಬಲ್’ ಅಂತ ಹೆಸರು, ಇಮೇಲ್ ಸೆಟ್ ಮಾಡೋದು. ಮ್ಯಾನ್ಯುಯಲ್‌ಗಳೆಲ್ಲ ಹಾಗೇ ಹೇಳುತ್ತವೆ. ಮಾಡಿದರೆ ಆ ಯಂತ್ರದ ಮುಂದೆ ಕೂತ ಮೂರು ಬ್ಯಾಚ್‌ನವರ ಕೆಲಸವೂ ಒಬ್ಬರದೇ ಹೆಸರಿನಲ್ಲಿ ದಾಖಲಾಗುತ್ತೆ.

ಹಾಗಾಗಿ ಹಂಚಿಕೊಂಡ ಯಂತ್ರದಲ್ಲಿ ಹೆಸರು, ಇಮೇಲ್ ಎರಡನ್ನೂ ‘ಗ್ಲೋಬಲ್’ ಪದ ಬಿಟ್ಟು ಆಯಾ ರೆಪೊ ಒಳಗೇ ಸೆಟ್ ಮಾಡಿಸಿ. ಲಾಗಿನ್ ನೆನಪಿಡುವ ಕ್ರೆಡೆನ್ಶಿಯಲ್ ಹೆಲ್ಪರ್ ಸೆಟ್ಟಿಂಗನ್ನು ಖಾಲಿ ಮಾಡಿ, ಗಿಟ್ ಯಾರನ್ನೂ ನೆನಪಿಟ್ಟುಕೊಳ್ಳಲ್ಲ. ಪೆನ್‌ಡ್ರೈವ್‌ನಲ್ಲಿ ರೆಪೊ ಇಟ್ಟರೆ ‘ಡುಬಿಯಸ್ ಓನರ್‌ಶಿಪ್’ ಅಂತ ಗಿಟ್ ತಕರಾರು ತೆಗೆಯಬಹುದು. ಅದು 2022ರಲ್ಲಿ ಬಂದ ಸುರಕ್ಷತೆಯ ತಪಾಸಣೆ, ವೈರಸ್ ಅಂತ ಗಾಬರಿ ಬೇಡ. ಆ ಫೋಲ್ಡರನ್ನು ನಂಬಬಹುದು ಅಂತ ಒಂದು ಸಲ ಹೇಳಿಕೊಟ್ಟರೆ ಮುಗೀತು, ಕಮಾಂಡ್ ಅದೇ ಎರರ್ ಮೆಸೇಜ್‌ನಲ್ಲಿ ಇರುತ್ತೆ.

ಗಿಟ್‌ಹಬ್ ವಿಷಯ. 2021ರ ಆಗಸ್ಟ್ 13ರಿಂದ ಕಮಾಂಡ್ ಲೈನ್‌ನಲ್ಲಿ ಸಾಮಾನ್ಯ ಪಾಸ್‌ವರ್ಡ್ ನಡೆಯಲ್ಲ. ಟೋಕನ್ (ಗಿಟ್‌ಹಬ್ ಕೊಡುವ ಉದ್ದನೆಯ ಗುಪ್ತ ಪದ) ಬೇಕು, ಇಲ್ಲವೇ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಕೀ. ಹಳೇ ನೋಟ್ಸ್ ನೋಡಿ ಕಲಿಸುವವರು ಇಲ್ಲೇ ಸಿಕ್ಕಿಬೀಳೋದು. ಕಾಲೇಜಿನ ಫೈರ್‌ವಾಲ್ ಎಸ್‌ಎಸ್‌ಎಚ್ ಓಡಾಡುವ 22ನೇ ಪೋರ್ಟ್ ಮುಚ್ಚಿದ್ದರೆ ಎಸ್‌ಎಸ್‌ಎಚ್ ಕೂಡ ಸುಮ್ನೆ ನಿಂತುಬಿಡುತ್ತೆ, ಎರರ್ ಕೂಡ ಬೇಗ ಬರಲ್ಲ. ಗಿಟ್‌ಹಬ್‌ನವರು 443ನೇ ಪೋರ್ಟ್ ಮೇಲೂ ಎಸ್‌ಎಸ್‌ಎಚ್ ಕೊಡುತ್ತಾರೆ, ಅದನ್ನು ಮೊದಲೇ ಪರೀಕ್ಷೆ ಮಾಡಿ ಇಡಿ. ಅಕೌಂಟ್ ಮಾಡಿಕೊಳ್ಳುವ ಕೆಲಸ ಮನೆಗೇ ಕೊಡಿ. ಲ್ಯಾಬ್‌ನಲ್ಲಿ 30 ಜನ ಒಟ್ಟಿಗೆ ಓಟಿಪಿಗೆ ಕಾಯುತ್ತಾ ಕೂರುವ ದೃಶ್ಯ ನೋಡೋಕಾಗಲ್ಲ.

ಇಷ್ಟೆಲ್ಲ ತಲೆನೋವು ಯಾಕೆ ಅಂತ ಎರಡನೇ ವರ್ಷ ನಾನು ಮೊದಲ ಐದಾರು ವಾರ ಗಿಟ್‌ಹಬ್ಬನ್ನೇ ಬಿಟ್ಟೆ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿದೆ, ಎಸ್‌ಎಸ್‌ಎಚ್ ಸರ್ವರ್ ಹಾಕಿದೆ, ಪ್ರತಿ ವಿದ್ಯಾರ್ಥಿಗೆ ಒಂದು ಲಾಗಿನ್, ಒಂದು ‘ಬೇರ್’ ರೆಪೊ (ಇತಿಹಾಸ ಮಾತ್ರ ಇರುವ, ಪುಶ್ ಮಾಡೋಕಷ್ಟೇ ಇರುವ ರೆಪೊ). ಅಷ್ಟೇ, ನಮ್ಮದೇ ಸರ್ವರ್. ಯುಎಸ್‌ಎನ್ (ವಿದ್ಯಾರ್ಥಿಯ ಯೂನಿವರ್ಸಿಟಿ ನಂಬರ್) ಪಟ್ಟಿ ಕೊಟ್ಟರೆ ಎಲ್ಲರಿಗೂ ಲಾಗಿನ್ ಸೃಷ್ಟಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಳ್ಳಿ. ಒಂದು ಎಚ್ಚರ: ನಮ್ಮ ಯುಎಸ್‌ಎನ್ ಅಂಕಿಯಿಂದ ಶುರುವಾಗುತ್ತೆ, ಉಬುಂಟುವಿನ ‘ಆಡ್‌ಯೂಸರ್’ ಕಮಾಂಡ್ ಅಂಕಿಯಿಂದ ಶುರುವಾಗುವ ಹೆಸರನ್ನು ಒಪ್ಪಲ್ಲ. ದೊಡ್ಡಕ್ಷರವೂ ಬೇಡ ಅನ್ನುತ್ತೆ. ಮುಂದೆ ‘ಯು’ ಅಕ್ಷರ ಸೇರಿಸಿ, ಎಲ್ಲ ಸಣ್ಣಕ್ಷರ ಮಾಡಿ. ಕಮಾಂಡ್ ಲೈನ್ ಬೇಡ ಅನ್ನುವವರಿಗೆ ಗಿಟೀ ಅನ್ನುವ ಹಗುರವಾದ ಸಾಫ್ಟ್‌ವೇರ್ ಇದೆ, ಗಿಟ್‌ಹಬ್ ತರಹದ್ದೇ ಪುಟ ತೋರಿಸುತ್ತೆ.

ಇದರ ಇನ್ನೊಂದು ಲಾಭ ಹೇಳಲೇಬೇಕು. ಇಂಟರ್‌ನೆಟ್ ಹೋದ ದಿನವೂ ಲ್ಯಾಬ್ ನಡೆಯುತ್ತೆ. ಗಿಟ್ ‘ಡಿಸ್ಟ್ರಿಬ್ಯೂಟೆಡ್’ (ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಇತಿಹಾಸ) ಅಂದ್ರೆ ಏನು ಅಂತ ಅವತ್ತು ಬೋರ್ಡ್ ಮೇಲೆ ಬರೆಯುವ ಅಗತ್ಯವೇ ಬೀಳಲ್ಲ.

ನಾಲ್ಕನೇ ಹೆಜ್ಜೆ: ಒಂದೇ ಪ್ರಾಜೆಕ್ಟ್, ಇಡೀ ಸೆಮಿಸ್ಟರ್

ವಾರಕ್ಕೊಂದು ಹೊಸ ಫೋಲ್ಡರ್, ಹೊಸ ಉದಾಹರಣೆ ಕೊಟ್ಟರೆ ಇತಿಹಾಸ ಬೆಳೆಯೋದೇ ಇಲ್ಲ. ಇತಿಹಾಸವೇ ಇಲ್ಲದ ಕಡೆ ಗಿಟ್ ಯಾಕೆ ಬೇಕು? ನಾನು ತೆಗೆದುಕೊಳ್ಳೋದು ಹಾಸ್ಟೆಲ್ ಮೆಸ್ ಬಿಲ್ಲು. ದಿನಕ್ಕೆ 110 ರೂಪಾಯಿ, ತಿಂಗಳಿಗೆ ಇಷ್ಟು ದಿನ, ಊರಿಗೆ ಹೋದ ದಿನಗಳ ಕಡಿತ, ಗೆಸ್ಟ್ ಊಟಕ್ಕೆ ಬೇರೆ ರೇಟು. ಹುಡುಗರಿಗೆ ವಿಷಯ ಗೊತ್ತು, ಅದರ ಮೇಲೆ ಜಗಳ ಆಡಿ ಅಭ್ಯಾಸವೂ ಇದೆ. ಪೈಥಾನ್ ಆದರೂ ಸರಿ, ಜಾವಾ ಆದರೂ ಸರಿ, ಮೊದಲ ವಾರ 40 ಸಾಲು ದಾಟಬಾರದು. ಕೋಡ್ ಬರೆಯೋದು ಇಲ್ಲಿ ಕಲಿಕೆಯ ಗುರಿ ಅಲ್ಲವಾದ್ದರಿಂದ ಮೊದಲ ಆವೃತ್ತಿಯನ್ನು ನಾನೇ ಕೊಟ್ಟುಬಿಡುತ್ತೇನೆ. ಅದರಲ್ಲಿ ಬೇಕಂತಲೇ ಮೂರು ತಪ್ಪು ಇರುತ್ತವೆ. ಹೇಳಲ್ಲ.

ಐದನೇ ಹೆಜ್ಜೆ: ಟರ್ಮಿನಲ್, ಎರಡು ವಾರ

ಈಗಿನ ಹುಡುಗರು ಮೊಬೈಲ್‌ನಲ್ಲಿ ಬೆಳೆದವರು. ಫೈಲ್ ಅಂದ್ರೆ ಆ್ಯಪ್ ಒಳಗಿರೋದು, ಹುಡುಕಿದರೆ ಸಿಗೋದು. ಫೋಲ್ಡರ್ ಒಳಗೆ ಫೋಲ್ಡರ್ ಅನ್ನುವ ಮರ ಅವರ ತಲೆಯಲ್ಲಿ ಇಲ್ಲ. ಅವರನ್ನು ಬೈದು ಉಪಯೋಗ ಇಲ್ಲ, ಹೇಳಿಕೊಡಬೇಕು. "ನಾನು ಈಗ ಎಲ್ಲಿದ್ದೇನೆ?" ಅನ್ನೋದೇ ಮೊದಲ ಪಾಠ. ಅದಕ್ಕೆ ಉತ್ತರ ಕೊಡುವ ಕಮಾಂಡ್ ‘ಪಿಡಬ್ಲ್ಯುಡಿ’ ಅಂದ ತಕ್ಷಣ ಯಾರೋ ಒಬ್ಬ ರಸ್ತೆ ಗುಂಡಿಯ ಜೋಕ್ ಹೊಡೆಯುತ್ತಾನೆ. ಹೊಡೆಯಲಿ, ಆ ಕಮಾಂಡ್ ಯಾರಿಗೂ ಮರೆಯಲ್ಲ.

ಕಮಾಂಡ್ ಪಟ್ಟಿ ಕೊಡಬೇಡಿ, ಕೆಲಸ ಕೊಡಿ. ನಾನು ಒಂದು ಸ್ಕ್ರಿಪ್ಟ್‌ನಿಂದ 3000 ಪುಟ್ಟ ಫೈಲ್ ಹುಟ್ಟಿಸುತ್ತೇನೆ, ಪ್ರತಿಯೊಂದರಲ್ಲೂ ಸುಳ್ಳು ಅಟೆಂಡೆನ್ಸ್ ಸಾಲುಗಳು. ನಿಮ್ಮ ಯುಎಸ್‌ಎನ್ ಎಷ್ಟು ಕಡೆ ‘ಆಬ್ಸೆಂಟ್’ ಅಂತ ಇದೆ ಹೇಳಿ ಅನ್ನುತ್ತೇನೆ. ಮೊದಲ ಹತ್ತು ನಿಮಿಷ ಒಂದೊಂದೇ ಫೈಲ್ ತೆರೆದು ನೋಡುತ್ತಾರೆ. ತೆರೆಯಲಿ, ಸುಸ್ತಾಗಲಿ. ಆಮೇಲೆ ಫೈಲ್‌ಗಳ ಒಳಗೆ ಪದ ಹುಡುಕುವ ‘ಗ್ರೆಪ್’ ತೋರಿಸಿ. ಅದರ ಫಲಿತಾಂಶವನ್ನು ಪೈಪ್ (ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ನೇರ ಗೆರೆ) ಮೂಲಕ ಎಣಿಸುವ ಕಮಾಂಡ್‌ಗೆ ಕೊಟ್ಟು ತೋರಿಸಿ. ಈ ಪೈಪ್ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ಗೆ ಬಂದದ್ದು 1973ರಲ್ಲಿ, ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಅವರ ಒತ್ತಾಯಕ್ಕೆ. ಇಷ್ಟು ವರ್ಷದ ನಂತರ ಅದೇ ಒಂದು ಗೆರೆ ಕ್ಲಾಸಿನ ಬಾಯಲ್ಲಿ "ಅಯ್ಯೋ, ಇಷ್ಟೇನಾ!" ಅನ್ನಿಸುತ್ತೆ.

ಆರನೇ ಹೆಜ್ಜೆ: ಗಿಟ್, ನಾಲ್ಕು ವಾರ

ಮೊದಲ ಗಂಟೆ ಗಿಟ್ ಹೆಸರೇ ಎತ್ತಬೇಡಿ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಗೆಸ್ಟ್ ಊಟದ ಲೆಕ್ಕ ಸೇರಿಸಲಿ, ಇನ್ನೊಬ್ಬರು ಊರಿಗೆ ಹೋದ ದಿನಗಳ ಕಡಿತವನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಲಿ, ಇಬ್ಬರೂ ಅದೇ ಫೈಲ್‌ನಲ್ಲಿ, 20 ನಿಮಿಷದಲ್ಲಿ. ಆಮೇಲೆ ಪೆನ್‌ಡ್ರೈವ್‌ನಲ್ಲಿ ತಂದು ಎರಡನ್ನೂ ಒಂದು ಮಾಡಿ ಅನ್ನಿ. ಗಲಾಟೆ ನೋಡಿ. "ನನ್ನದು ಅಳಿಸಿಬಿಟ್ಟೆಯಲ್ಲೋ" ಅಂತ ಒಬ್ಬರಾದರೂ ಕೂಗುತ್ತಾರೆ. ಈಗ ಕೇಳಿ: ನಾಲ್ಕು ಜನ ಆದರೆ? ಒಂದು ತಿಂಗಳ ಕೆಲಸ ಆದರೆ? ಗಿಟ್ ಪಾಠ ಇಲ್ಲಿಂದ ಶುರು.

ಎಲ್ಲರೂ ಎಡವೋದು ಸ್ಟೇಜಿಂಗ್‌ನಲ್ಲಿ, ಅಂದ್ರೆ ಯಾವ ಬದಲಾವಣೆ ದಾಖಲಾಗಬೇಕು ಅಂತ ಮೊದಲು ಆರಿಸಿಡೋದರಲ್ಲಿ. ‘ಆಡ್’ ಮಾಡಿದ ಮೇಲೆ ಮತ್ತೆ ‘ಕಮಿಟ್’ ಯಾಕೆ ಸರ್? ನಾನು ಮದುವೆ ರಿಸೆಪ್ಷನ್ ಕಥೆ ಹೇಳುತ್ತೇನೆ. ಛತ್ರದ ತುಂಬ ಜನ ಇರುತ್ತಾರೆ. ಫೋಟೊದಲ್ಲಿ ಬರೋದು ಆ ಹೊತ್ತಿಗೆ ಸ್ಟೇಜ್ ಹತ್ತಿದವರು ಮಾತ್ರ. ‘ಆಡ್’ ಅಂದ್ರೆ ಸ್ಟೇಜ್ ಹತ್ತಿಸೋದು, ‘ಕಮಿಟ್’ ಅಂದ್ರೆ ಕ್ಲಿಕ್. ಊಟದ ಹಾಲ್‌ನಲ್ಲಿ ಇದ್ದ ಚಿಕ್ಕಪ್ಪ ಆಲ್ಬಂನಲ್ಲಿ ಇಲ್ಲ ಅಂದ್ರೆ ಫೋಟೊಗ್ರಾಫರ್ ತಪ್ಪಲ್ಲ, ಯಾರೂ ಕರೆಯಲಿಲ್ಲ ಅಷ್ಟೇ. ಹೋಲಿಕೆ ಒಂದು ಕಡೆ ಕುಂಟುತ್ತೆ: ‘ಆಡ್’ ಮಾಡಿದ ಮೇಲೆ ಫೈಲನ್ನು ಮತ್ತೆ ತಿದ್ದಿದರೆ ಸ್ಟೇಜ್ ಮೇಲಿರೋದು ಹಳೇ ರೂಪವೇ. ಅದನ್ನು ಬೇರೆಯಾಗಿ ಮಾಡಿ ತೋರಿಸಿ.

ಮೊದಲ ವಾರ ಐದೇ ಕಮಾಂಡ್: ‘ಸ್ಟೇಟಸ್’ (ಈಗ ಏನು ಸ್ಥಿತಿ), ‘ಆಡ್’, ‘ಕಮಿಟ್’, ‘ಲಾಗ್’ (ಇದುವರೆಗಿನ ಕಮಿಟ್‌ಗಳು), ‘ಡಿಫ್’ (ಏನು ಬದಲಾಯ್ತು). ಪ್ರತಿ ಕಮಾಂಡ್ ಆದ ಮೇಲೂ ‘ಗಿಟ್ ಸ್ಟೇಟಸ್’ ಹೊಡೆಯಲೇಬೇಕು, ಬಂದ ಸಾಲನ್ನು ಜೋರಾಗಿ ಓದಲೇಬೇಕು. ನಮ್ಮ ಹುಡುಗರ ದೊಡ್ಡ ಕಷ್ಟ ಕಮಾಂಡ್ ಅಲ್ಲ, ಮೆಸೇಜ್ ಓದದೇ ಇರೋದು. ಕನ್ನಡ ಮಾಧ್ಯಮದಿಂದ ಬಂದವರು ಆ ಇಂಗ್ಲಿಷ್ ಸಾಲು ನೋಡಿದ ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಅದಕ್ಕೆ ಒಂದು ನೋಟ್‌ಬುಕ್ ಇಡಿಸಿದೆ: ಬಂದ ಎರರ್ ಒಂದು ಕಡೆ, ಅದು ಏನು ಹೇಳ್ತಿದೆ ಅಂತ ತಮ್ಮದೇ ಕನ್ನಡದಲ್ಲಿ ಇನ್ನೊಂದು ಕಡೆ. ‘ನಥಿಂಗ್ ಟು ಕಮಿಟ್’ ಅನ್ನೋದಕ್ಕೆ ಒಬ್ಬಳು "ಸ್ಟೇಜ್ ಖಾಲಿ ಐತಿ" ಅಂತ ಬರೆದಿದ್ದಳು. ಇದಕ್ಕಿಂತ ಚೆನ್ನಾಗಿ ನನಗೂ ಬರೆಯೋಕೆ ಬರಲ್ಲ.

ಕಮಿಟ್ ಮೆಸೇಜನ್ನು ಕನ್ನಡದಲ್ಲೇ ಬರೆದರೂ ಗಿಟ್‌ಗೆ ತೊಂದರೆ ಇಲ್ಲ. ಶುರುವಿನಲ್ಲಿ ನಾನು ಬಿಡುತ್ತೇನೆ, ಯಾಕೆ ಬದಲಾಯಿಸಿದೆ ಅಂತ ಯೋಚಿಸೋದು ಮುಖ್ಯ. ಫೈಲ್ ಹೆಸರು ಕನ್ನಡದಲ್ಲಿಟ್ಟರೆ ಮಾತ್ರ ‘ಸ್ಟೇಟಸ್’ನಲ್ಲಿ 340, 262 ಅಂತ ಅಂಕಿಗಳ ಸಾಲು ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಅಕ್ಷರದ ಬೈಟ್‌ಗಳನ್ನು ಗಿಟ್ ಹಾಗೆ ತೋರಿಸುತ್ತೆ. ‘ಕೋರ್ ಕೋಟ್‌ಪಾತ್’ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತೆ.

ಎರಡನೇ ವಾರ ಬ್ರಾಂಚ್ (ಕೆಲಸದ ಕವಲು), ಮೂರನೇ ವಾರ ಜಗಳ. ಕಾನ್‌ಫ್ಲಿಕ್ಟ್ (ಒಂದೇ ಸಾಲಿಗೆ ಇಬ್ಬರ ಬೇರೆ ಬೇರೆ ಬದಲಾವಣೆ) ಆಗಲಿ ಅಂತ ಕಾಯಬೇಡಿ, ಮಾಡಿಸಿ. ಒಬ್ಬರಿಗೆ ಚೀಟಿಯಲ್ಲಿ "ದಿನದ ರೇಟು 120 ಮಾಡಿ" ಅಂತ, ಪಕ್ಕದವರಿಗೆ "115 ಮಾಡಿ" ಅಂತ ಬರೆದುಕೊಡಿ. ಎರಡನ್ನೂ ಮರ್ಜ್ ಮಾಡಿದಾಗ (ಸೇರಿಸಿದಾಗ) ಗಿಟ್ ನಿಲ್ಲಿಸುತ್ತೆ, ಫೈಲ್ ಒಳಗೆ ಬಾಣದ ಗುರುತು ಹಾಕಿ ಎರಡನ್ನೂ ಇಡುತ್ತೆ. ಹೆದರುತ್ತಾರೆ. ಇದು ಎರರ್ ಅಲ್ಲ ಅಂತ ಹೇಳಿ. ಎರಡು ಕಡೆಯವರ ಮಾತನ್ನೂ ಮುಂದಿಟ್ಟು ಪಂಚಾಯ್ತಿ ನೀವೇ ಮಾಡಿಕೊಳ್ಳಿ ಅಂತ ಗಿಟ್ ಪಕ್ಕಕ್ಕೆ ಸರಿದಿದೆ. ಇಬ್ಬರೂ ಒಂದೇ ಪರದೆ ಮುಂದೆ ಕೂತು, ಯಾವ ರೇಟು ಅಂತ ಮಾತಾಡಿ ಬಗೆಹರಿಸಬೇಕು. ಫೋಲ್ಡರ್ ಡಿಲೀಟ್ ಮಾಡಿ ಸರ್ವರ್‌ನಿಂದ ಮತ್ತೆ ಕ್ಲೋನ್ (ಪೂರ್ತಿ ನಕಲು) ಮಾಡೋದಕ್ಕೆ ಅನುಮತಿ ಇಲ್ಲ. ಈ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿ, ಯಾಕಂದ್ರೆ ನೀವು ತಿರುಗಿದ ತಕ್ಷಣ ಅದನ್ನೇ ಮಾಡುತ್ತಾರೆ.

ನಾಲ್ಕನೇ ವಾರ ಹಾಳು ಮಾಡುವ ವಾರ. ನನಗೆ ಬಹಳ ಇಷ್ಟವಾದದ್ದು. ‘ರೀಸೆಟ್ ಹಾರ್ಡ್’ (ಎಲ್ಲವನ್ನೂ ಹಿಂದಿನ ಸ್ಥಿತಿಗೆ ಮರಳಿಸುವ ಕಮಾಂಡ್) ಹೊಡೆದು ಮೂರು ಕಮಿಟ್ ಹಾರಿಸಿ ಅನ್ನುತ್ತೇನೆ. ಲಾಗ್ ನೋಡಿದರೆ ಇಲ್ಲ. ಮುಖ ಬಾಡುತ್ತೆ. ಆಮೇಲೆ ‘ರೆಫ್‌ಲಾಗ್’, ರೆಪೊ ಯಾವಾಗ ಯಾವ ಕಮಿಟ್ ಮೇಲೆ ನಿಂತಿತ್ತು ಅನ್ನುವ ದಿನಚರಿ. ಕಳೆದುಹೋದ ಕಮಿಟ್ ಅಲ್ಲೇ ಕೂತಿದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಕನಿಷ್ಠ 30 ದಿನ ಅದು ಹಾಗೇ ಸಿಗುತ್ತೆ. ಅದರ ಬೆನ್ನಿಗೇ ಇನ್ನೊಂದು: ಕಮಿಟ್ ಮಾಡದ ಬದಲಾವಣೆ ಇಟ್ಟುಕೊಂಡು ಅದೇ ‘ರೀಸೆಟ್ ಹಾರ್ಡ್’ ಹೊಡೆಸಿ. ಈಗ ರೆಫ್‌ಲಾಗ್‌ನಲ್ಲೂ ಇಲ್ಲ, ಹೋದದ್ದು ಹೋಯ್ತು. ಆಗಾಗ ಕಮಿಟ್ ಮಾಡಿ ಅಂತ ನಾನು ನೂರು ಸಲ ಹೇಳಿದ್ದಕ್ಕಿಂತ ಈ ಐದು ನಿಮಿಷ ಜಾಸ್ತಿ ಕೆಲಸ ಮಾಡಿದೆ.

ಇದೇ ವಾರ ಪಾಸ್‌ವರ್ಡ್ ವಿಷಯವನ್ನೂ ಮುಗಿಸಿ. ಒಂದು ಸುಳ್ಳು ಪಾಸ್‌ವರ್ಡ್ ಫೈಲ್ ಕಮಿಟ್ ಮಾಡಿಸಿ, ಮುಂದಿನ ಕಮಿಟ್‌ನಲ್ಲಿ ಅಳಿಸಿ, ಆಮೇಲೆ ಹಳೇ ಕಮಿಟ್‌ನಿಂದ ಅದನ್ನೇ ಓದಿ ತೋರಿಸಿ. ಒಂದು ಸಲ ಹೊರಗೆ ಹೋದ ಕೀಯನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳೋದೇ ದಾರಿ.

ಏಳನೇ ಹೆಜ್ಜೆ: ಡಿಬಗರ್

ನಾನು ಕೊಟ್ಟ ಕೋಡ್‌ನಲ್ಲಿ ಮೂರು ತಪ್ಪು ಇದ್ದವಲ್ಲ, ಈಗ ಅವನ್ನು ಹಿಡಿಯುವ ಹೊತ್ತು. ನಿಯಮ: 20 ನಿಮಿಷ ಕೋಡ್ ಮುಟ್ಟುವ ಹಾಗಿಲ್ಲ. ಪ್ರಿಂಟ್ ಹಾಕುವ ಹಾಗಿಲ್ಲ. ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಇಟ್ಟು, ಒಂದೊಂದೇ ಸಾಲು ನಡೆಸಿ, ಸುಮ್ನೆ ನೋಡಬೇಕು. ಪ್ರತಿ ಸಾಲಿಗೆ ಮುಂಚೆ ವೇರಿಯಬಲ್‌ನ ಬೆಲೆ ಎಷ್ಟಿರಬಹುದು ಅಂತ ಹಾಳೆಯಲ್ಲಿ ಬರೆದು, ಆಮೇಲೆ ಹೆಜ್ಜೆ ಇಡಬೇಕು. ಬರೆದದ್ದೂ ಬಂದದ್ದೂ ಎಲ್ಲಿ ತಾಳೆ ಆಗಲ್ವೋ ಅಲ್ಲೇ ತಪ್ಪು ಇದೆ. ಪೈಥಾನ್ 3.7ರಿಂದ ‘ಬ್ರೇಕ್‌ಪಾಯಿಂಟ್’ ಅನ್ನುವ ಒಂದೇ ಪದ ಸಾಕು. ಡೇಟಾ ಸ್ಟ್ರಕ್ಚರ್ ಲ್ಯಾಬ್‌ನ ಸಿ ಪ್ರೋಗ್ರಾಂಗಳಿಗೆ ಜಿಡಿಬಿ ಅನ್ನುವ ಡಿಬಗರ್ ಇದೆ. ಲಿಂಕ್ಡ್ ಲಿಸ್ಟ್ ಪಾಯಿಂಟರ್ ಎಲ್ಲಿ ಕಳಚಿಕೊಳ್ಳುತ್ತೆ ಅಂತ ಒಮ್ಮೆ ಕಣ್ಣಾರೆ ನೋಡಿದವರಿಗೆ ಆ ಸಬ್ಜೆಕ್ಟೂ ಹಗುರವಾಗುತ್ತೆ.

ಇಲ್ಲಿ ‘ಗಿಟ್ ಬೈಸೆಕ್ಟ್’ (ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಕೆಟ್ಟ ಕಮಿಟ್ ಹುಡುಕುವ ಕಮಾಂಡ್) ಸೇರಿಸಿದರೆ ಚೆಂದ. 64 ಕಮಿಟ್ ಇರುವ ರೆಪೊ ಕೊಡಿ, ಎಲ್ಲೋ ಒಂದರಲ್ಲಿ ಬಿಲ್ಲು ಕೆಟ್ಟಿದೆ. ಆರು ಸಲ ಪರೀಕ್ಷೆ ಮಾಡಿದರೆ ಯಾವ ಕಮಿಟ್ ಅಂತ ಸಿಕ್ಕಿಬಿಡುತ್ತೆ. ಬೈನರಿ ಸರ್ಚ್ ಪರೀಕ್ಷೆಗೆ ಬಾಯಿಪಾಠ ಮಾಡಿದವರು ಅದು ದುಡಿಯೋದನ್ನು ಮೊದಲ ಸಲ ನೋಡೋದು ಇಲ್ಲೇ.

ಎಂಟನೇ ಹೆಜ್ಜೆ: ಟೆಸ್ಟ್ ಬರೆಸೋದು

ಟೆಸ್ಟ್ ಓಡಿಸುವ ಸಾಧನಗಳಾದ ಪೈಟೆಸ್ಟ್ (ಪೈಥಾನ್‌ಗೆ) ಅಥವಾ ಜೆಯುನಿಟ್ (ಜಾವಾಕ್ಕೆ) ಹೇಗೆ ಓಡಿಸೋದು ಅಂತ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ. ಏನು ಪರೀಕ್ಷೆ ಮಾಡಬೇಕು ಅನ್ನೋದೇ ಕಷ್ಟ. ಮೆಸ್ ನಿಯಮ ಹೀಗಿದೆ ಅಂತಿಟ್ಟುಕೊಳ್ಳಿ: ಸತತ 3 ದಿನ ಅಥವಾ ಅದಕ್ಕಿಂತ ಜಾಸ್ತಿ ಊರಿಗೆ ಹೋದರೆ ಮಾತ್ರ ಕಡಿತ. ಹುಡುಗರು 10 ದಿನಕ್ಕೆ ಒಂದು ಟೆಸ್ಟ್ ಬರೆದು ಕೈ ಒರೆಸಿಕೊಳ್ಳುತ್ತಾರೆ. 2, 3, 4 ದಿನಕ್ಕೆ ಬರೆಯಿರಿ ಅನ್ನಿ. ನಾನಿಟ್ಟ ಮೊದಲ ತಪ್ಪು ಅಲ್ಲೇ ಇರೋದು, ‘3ಕ್ಕಿಂತ ಜಾಸ್ತಿ’ ಅಂತ ಬರೆದಿದ್ದೇನೆ. ಲೀಪ್ ವರ್ಷದ ಫೆಬ್ರವರಿ ಎರಡನೆಯದು. ಮೂರನೆಯದನ್ನು ನೀವೇ ಯೋಚಿಸಿ ಇಡಿ, ವರ್ಷ ವರ್ಷ ಬದಲಾಯಿಸಿ, ಇಲ್ಲದಿದ್ದರೆ ಸೀನಿಯರ್‌ಗಳು ಹೇಳಿಕೊಟ್ಟಿರುತ್ತಾರೆ.

ಈಗ ಈ ಪ್ರಶ್ನೆ ಹಾಕಿ: ಒಬ್ಬಳು ಏಪ್ರಿಲ್ 30ಕ್ಕೆ ಹೋಗಿ ಮೇ 2ರವರೆಗೆ ಊರಲ್ಲಿದ್ದಳು. ಒಟ್ಟು 3 ದಿನ. ಏಪ್ರಿಲ್ ಬಿಲ್ಲಿನಲ್ಲಿ ಒಂದೇ ದಿನ, ಮೇ ಬಿಲ್ಲಿನಲ್ಲಿ ಎರಡು. ಕಡಿತ ಇದೆಯೋ ಇಲ್ಲವೋ? ಅರ್ಧ ಕ್ಲಾಸ್ ಇದೆ ಅನ್ನುತ್ತೆ, ಅರ್ಧ ಇಲ್ಲ ಅನ್ನುತ್ತೆ. ಕೋಡ್‌ನಲ್ಲಿ ಉತ್ತರ ಇಲ್ಲ. ಗೂಗಲ್‌ನಲ್ಲೂ ಇಲ್ಲ. ವಾರ್ಡನ್‌ನ ಕೇಳಬೇಕು. ನಾನು ನಿಜವಾಗಲೂ ಇಬ್ಬರನ್ನು ವಾರ್ಡನ್ ಹತ್ತಿರ ಕಳಿಸಿದ್ದೆ. "ನಿಯಮದಲ್ಲಿ ಹಾಗೇನೂ ಬರೆದಿಲ್ಲವಲ್ಲಪ್ಪ" ಅಂತ ಅವರೂ ತಲೆ ಕೆರೆದುಕೊಂಡರಂತೆ. ರಿಕ್ವೈರ್‌ಮೆಂಟ್ ಅನ್ನುವ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಆಮೇಲೆ ಟೆಸ್ಟ್‌ಗಳನ್ನು ಅದಲು ಬದಲು ಮಾಡಿಸಿ. ನಿಮ್ಮ ಟೆಸ್ಟ್ ಪಕ್ಕದವರ ಕೋಡ್ ಮೇಲೆ ಓಡಬೇಕು. ತಮ್ಮ ಕೋಡನ್ನು ಮುದ್ದು ಮಾಡುವವರು ಪಕ್ಕದವರ ಕೋಡನ್ನು ಬಿಡಲ್ಲ. ಒಳ್ಳೊಳ್ಳೆ ಟೆಸ್ಟ್ ಹುಟ್ಟೋದು ಆಗಲೇ.

ಸಿಐಗೆ ಒಂದು ವಾರ ಸಾಕು. ಪುಶ್ ಆದ ಕೂಡಲೇ ಟೆಸ್ಟ್ ತಾನೇ ಓಡಬೇಕು, ಅಷ್ಟೇ ವಿಷಯ. ಗಿಟ್‌ಹಬ್‌ನದೇ ಸಿಐ ಆದ ‘ಆಕ್ಷನ್ಸ್’ನಲ್ಲಿ ಒಂದು ಪುಟ್ಟ ಯಾಮಲ್ (ಸೆಟ್ಟಿಂಗ್ ಬರೆಯುವ) ಫೈಲ್. ಅದರಲ್ಲಿ ಟ್ಯಾಬ್ ಒತ್ತಿ ಇಂಡೆಂಟ್ ಮಾಡಬಾರದು, ಸ್ಪೇಸ್ ಮಾತ್ರ. ಇದೊಂದು ಹೇಳಿದರೆ ಅರ್ಧ ಗಂಟೆ ಉಳಿಯುತ್ತೆ. ನಮ್ಮ ಹಳೇ ಡೆಸ್ಕ್‌ಟಾಪ್ ಸರ್ವರ್ ಇದ್ದರೆ ಬೇರ್ ರೆಪೊದ ‘ಹುಕ್ಸ್’ ಫೋಲ್ಡರ್‌ನಲ್ಲಿ ಒಂದು ಸ್ಕ್ರಿಪ್ಟ್ ಇಟ್ಟರೂ ಅದೇ ಕೆಲಸ ಆಗುತ್ತೆ. ಜೆಂಕಿನ್ಸ್‌ನಂಥ ದೊಡ್ಡ ಸಿಐ ಸಾಧನ ಆರನೇ ಸೆಮಿಸ್ಟರ್‌ಗೆ ಇರಲಿ.

ಅಂಕ ಕೊಡೋದು

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಒಂದು ವರ್ಷ ಕಮಿಟ್ ಎಣಿಸಿ ಅಂಕ ಕೊಟ್ಟೆ. ಕೊನೆಯ ದಿನದ ಹಿಂದಿನ ರಾತ್ರಿ ಒಬ್ಬ 40 ಕಮಿಟ್ ಮಾಡಿದ್ದ, ಪ್ರತಿಯೊಂದರಲ್ಲೂ ಒಂದು ಸ್ಪೇಸ್ ಸೇರಿಸಿ. ಅವನ ಮೇಲೆ ಸಿಟ್ಟು ಬರಲಿಲ್ಲ. ನಾನು ಕೇಳಿದ್ದೇ ಅದನ್ನು, ಅವನು ಕೊಟ್ಟ.

ಈಗ ಒಬ್ಬೊಬ್ಬರಿಗೆ ಎಂಟು ಹತ್ತು ನಿಮಿಷ, ಅವರದೇ ರೆಪೊ ಮುಂದೆ ಕೂರಿಸಿಕೊಳ್ಳುತ್ತೇನೆ. ಒಂದು ಸಾಲು ತೋರಿಸಿ, ಇದು ಯಾವಾಗ ಬಂತು, ಯಾಕೆ ಬಂತು ಅಂತ ಲಾಗ್‌ನಿಂದ ಹೇಳಿ ಅನ್ನುತ್ತೇನೆ. ಆಮೇಲೆ ನಾನೇ ಏನಾದರೊಂದು ಕೆಡಿಸುತ್ತೇನೆ: ಅರ್ಧಕ್ಕೆ ನಿಂತ ಮರ್ಜ್, ತಪ್ಪು ಬ್ರಾಂಚ್‌ಗೆ ಹೋದ ಕಮಿಟ್, ಫೇಲ್ ಆಗುವ ಟೆಸ್ಟ್. ಸರಿ ಮಾಡಬೇಕು. ಮ್ಯಾನ್ಯುಯಲ್ ನೋಡಬಹುದು, ನೋಟ್‌ಬುಕ್ ನೋಡಬಹುದು. ಪೂರ್ತಿ ಸರಿಯಾಗದಿದ್ದರೂ ‘ಸ್ಟೇಟಸ್’ ಓದಿ ಎಲ್ಲಿ ನಿಂತಿದೆ ಅಂತ ಹೇಳಿದರೆ ಅರ್ಧಕ್ಕಿಂತ ಜಾಸ್ತಿ ಅಂಕ. ಕ್ಲಾಸ್ ದೊಡ್ಡದಿದ್ದರೆ ಹೊತ್ತು ಬೇಕು, ಸುಳ್ಳು ಹೇಳಲ್ಲ. 60 ಜನರಿಗೆ ಎರಡು ಮೂರು ವಾರಕ್ಕೆ ಹಂಚಿಕೊಳ್ಳಿ, ಉಳಿದವರು ಆ ಹೊತ್ತಿಗೆ ಟೆಸ್ಟ್ ಬರೆಯುತ್ತಿರಲಿ.

ಚಾಟ್‌ಜಿಪಿಟಿ ಬಳಸುತ್ತಾರೆ. ಬಳಸಲಿ, ತಡೆಯೋಕೆ ಆಗಲ್ಲ. ಅದು ಹೇಳಿದ ‘ಪುಶ್ ಫೋರ್ಸ್’ (ಸರ್ವರ್‌ನಲ್ಲಿ ಇರೋದರ ಮೇಲೆ ಬಲವಂತವಾಗಿ ಬರೆಯುವ ಕಮಾಂಡ್) ಕುರುಡಾಗಿ ಹೊಡೆದು ಜೊತೆಗಾರ್ತಿಯ ಕೆಲಸ ಅಳಿಸಿದವನೊಬ್ಬ ಪ್ರತಿ ಬ್ಯಾಚ್‌ನಲ್ಲೂ ಸಿಗುತ್ತಾನೆ, ಆ ದಿನ ಅದೇ ಪಾಠ. ಮೇಲಿನ ತರಹದ ವೈವಾದಲ್ಲಿ ಕೈ ಅವರದೇ ಓಡಬೇಕಾದ್ದರಿಂದ ನನಗೆ ಅದರ ಚಿಂತೆ ಕಡಿಮೆ.

ರೆಕಾರ್ಡ್ ಬೇಕೇ ಬೇಕು ಅಂತ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳುತ್ತಾರೆ. ಪ್ರತಿ ವಾರದ ಲಾಗ್ ಪ್ರಿಂಟ್ ತೆಗೆದು, ಕೆಳಗೆ ಎರಡು ಸಾಲು ವಿವರಣೆ ಬರೆಸಿ ಅಂಟಿಸಿಬಿಡಿ. ಒಬ್ಬರ ಲಾಗ್ ಇನ್ನೊಬ್ಬರಿಗೆ ಹೊಂದಲ್ಲ, ನಕಲು ತಾನಾಗಿಯೇ ಕಡಿಮೆ ಆಗುತ್ತೆ.

ಸೆಮಿಸ್ಟರ್ ಮುಗಿದ ಮೇಲೆ

ನಾಲ್ಕನೇ ಸೆಮಿಸ್ಟರ್‌ನ ಡಿಬಿಎಂಎಸ್ (ಡೇಟಾಬೇಸ್) ಮೇಷ್ಟ್ರನ್ನು ಹೋಗಿ ಕೇಳಿ. ಹೊಸದೇನೂ ಕಲಿಸಬೇಡಿ, ಲ್ಯಾಬ್ ಪ್ರೋಗ್ರಾಂಗಳನ್ನು ವಾಟ್ಸ್ಆ್ಯಪ್ ಬದಲು ಗಿಟ್‌ನಲ್ಲಿ ತೆಗೆದುಕೊಳ್ಳಿ, ಅಷ್ಟು ಸಾಕು ಅನ್ನಿ. ಅವರಿಗೆ ಕೆಲಸ ಜಾಸ್ತಿ ಆಗುತ್ತೆ ಅನ್ನಿಸಿದರೆ ಎಲ್ಲರ ರೆಪೊವನ್ನು ಒಂದೇ ಸಲ ಎಳೆದು ತರುವ ಸ್ಕ್ರಿಪ್ಟ್ ನೀವೇ ಬರೆದುಕೊಡಿ. ನಾನು ಮೂವರನ್ನು ಕೇಳಿದೆ, ಇಬ್ಬರು ಒಪ್ಪಿದರು. ಮೂರನೆಯವರು ಮುಂದಿನ ವರ್ಷ ನೋಡೋಣ ಅಂದರು, ನಾನಿನ್ನೂ ಕೇಳುತ್ತಲೇ ಇದ್ದೇನೆ. ಈ ಬ್ಯಾಚ್‌ನಲ್ಲಿ ಚುರುಕಾಗಿದ್ದ ನಾಲ್ಕೈದು ಜನರನ್ನು ಮುಂದಿನ ಬ್ಯಾಚ್ ಲ್ಯಾಬ್‌ಗೆ ಕರೆಯಿರಿ. ನನ್ನ ಮುಂದೆ ಬಾಯಿ ಬಿಡದ ಹುಡುಗರು ಅಕ್ಕ, ಅಣ್ಣ ಅಂತ ಅವರನ್ನು ಧಾರಾಳವಾಗಿ ಕೇಳುತ್ತಾರೆ.

ಕೊನೆಯ ಲ್ಯಾಬ್ ದಿನ ಎರಡು ಕೆಲಸ ಮರೆಯಬೇಡಿ. ಎಲ್ಲ ಯಂತ್ರದಲ್ಲೂ ಉಳಿದ ಟೋಕನ್, ಎಸ್‌ಎಸ್‌ಎಚ್ ಕೀ ಅಳಿಸಿಸಿ. ಪ್ರತಿಯೊಬ್ಬರೂ ತಮ್ಮ ರೆಪೊವನ್ನು ತಮ್ಮದೇ ಗಿಟ್‌ಹಬ್ ಅಕೌಂಟ್‌ಗೆ ಪುಶ್ ಮಾಡಿಕೊಂಡು ಹೋಗಲಿ, ಬ್ರಾಂಚ್, ಟ್ಯಾಗ್ ಎಲ್ಲ ಸೇರಿಸಿ. ಹೋದ ವರ್ಷ ನಮ್ಮ ಹಳೇ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಬೇಸಿಗೆ ರಜೆಯಲ್ಲಿ ಕೈಕೊಟ್ಟಿತು. ಒಬ್ಬರ ಕೆಲಸವೂ ಹೋಗಲಿಲ್ಲ, ನನ್ನ ಯುಎಸ್‌ಎನ್ ಸ್ಕ್ರಿಪ್ಟ್ ಒಂದು ಬಿಟ್ಟು. ಅದನ್ನು ನಾನು ಕಮಿಟ್ ಮಾಡಿರಲಿಲ್ಲ.